ಲೇಸರ್ ಕೆತ್ತನೆ ಯಂತ್ರ: ಕೂಡಿಸಿಕೊಳ್ಳುವುದೋ, ಕೊಳ್ಳುವುದೋ?

ಬಿಡಿಭಾಗಗಳನ್ನು ತಂದು ಲೇಸರ್ ಕೆತ್ತನೆ ಯಂತ್ರವನ್ನು ಸ್ವತಃ ಕೂಡಿಸಿಕೊಂಡರೆ ಹಣ ಉಳಿಯುತ್ತದೆ ಎಂಬ ನಂಬಿಕೆ ಹವ್ಯಾಸಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಹಾಸನದ ನಮ್ಮ ಅಂಗಡಿಯಲ್ಲಿ ಎರಡು ಬಗೆಯ ಯಂತ್ರಗಳೂ ಇವೆ. ಒಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸಾಮಾನು ತಂದು ಕೂಡಿಸಿದ್ದು. ಇನ್ನೊಂದು ಕಂಪನಿಯ ಪೆಟ್ಟಿಗೆಯಲ್ಲಿ ಬಂದ ಸಿದ್ಧ ಯಂತ್ರ. ಎರಡರಲ್ಲಿಯೂ ಸುಮಾರು 450 ನ್ಯಾನೋಮೀಟರ್ ತರಂಗಾಂತರದ, 5 ವಾಟ್ ಆಸುಪಾಸಿನ ನೀಲಿ ಡಯೋಡ್ ಲೇಸರ್ ಇರುವುದರಿಂದ ಇವುಗಳನ್ನು ಹೋಲಿಸುವುದರಲ್ಲಿ ಅನ್ಯಾಯವಿಲ್ಲ.

ಕೂಡಿಸಿದ ಯಂತ್ರದ ಒಳಗುಟ್ಟು ಸರಳವಾದದ್ದು. ಅಲ್ಯೂಮಿನಿಯಂ ಪ್ರೊಫೈಲಿನ ಚೌಕಟ್ಟು, ನೇಮಾ 17 ಸ್ಟೆಪರ್ ಮೋಟಾರುಗಳು, ಜಿಟಿ2 ಬೆಲ್ಟ್, ಯಂತ್ರವನ್ನು ನಿಯಂತ್ರಿಸುವ ಆರ್ಡುಯಿನೋ ಊನೋ ಬೋರ್ಡು, ಅದರ ಮೇಲೆ ತಂತಿಗಳನ್ನು ಜೋಡಿಸಲೊಂದು ಸಿಎನ್‌ಸಿ ಶೀಲ್ಡ್, ಮೋಟಾರುಗಳನ್ನು ತಿರುಗಿಸುವ ಎ4988 ಡ್ರೈವರುಗಳು, ಒಂದು ಪವರ್ ಸಪ್ಲೈ, ಇಷ್ಟೇ. ಇವೆಲ್ಲವನ್ನೂ ನಡೆಸುವ ಜಿಆರ್‌ಬಿಎಲ್ ತಂತ್ರಾಂಶ ಮುಕ್ತವಾಗಿಯೂ ಉಚಿತವಾಗಿಯೂ ದೊರೆಯುತ್ತದೆ. ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರು ಪ್ರತಿ ಹೆಜ್ಜೆಯನ್ನು 16 ಭಾಗ ಮಾಡುತ್ತದೆ. 20 ಹಲ್ಲಿನ ಪುಲ್ಲಿಯ ಮೇಲೆ 2 ಮಿಲಿಮೀಟರ್ ಅಂತರದ ಬೆಲ್ಟು ಒಂದು ಸುತ್ತಿಗೆ 40 ಮಿಲಿಮೀಟರ್ ಸರಿಯುತ್ತದೆ. ಹಾಗಾಗಿ ಮಿಲಿಮೀಟರಿಗೆ 80 ಹೆಜ್ಜೆ ಎಂಬ ಲೆಕ್ಕ ಕೂಡಿಸಿದವನ ಬಾಯಲ್ಲೇ ಇರುತ್ತದೆ, ಮತ್ತು ಮುಂದೆ ಅಳತೆ ತಪ್ಪಿದಾಗ ಎಲ್ಲಿ ಹುಡುಕಬೇಕೆಂಬುದೂ ಅವನಿಗೆ ಗೊತ್ತಿರುತ್ತದೆ. ಜಿಆರ್‌ಬಿಎಲ್ 1.1 ಆವೃತ್ತಿಯಲ್ಲಿ ಬಂದ ಲೇಸರ್ ಮೋಡ್ ಅನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಎಂ4 ಆದೇಶದಲ್ಲಿ ಕೆಲಸ ಮಾಡುವಾಗ, ತಿರುವಿನಲ್ಲಿ ಲೇಸರ್ ಹೊತ್ತ ತಲೆಯ ವೇಗ ಇಳಿದಂತೆ ಲೇಸರಿನ ಶಕ್ತಿಯೂ ಇಳಿಯುವುದರಿಂದ, ತಿರುವುಗಳು ಕರಕಲಾಗುವುದಿಲ್ಲ. ಬಳುಕು ಗೆರೆಗಳಿಂದಲೇ ಆದ ನಮ್ಮ ಲಿಪಿಗೆ, ಅದರಲ್ಲೂ ಕೆಳಗೆ ಕಿರಿದಾಗಿ ಕೂರುವ ಒತ್ತಕ್ಷರಗಳಿಗೆ, ಇದರಿಂದಾಗುವ ಉಪಕಾರ ದೊಡ್ಡದು. ಅಕ್ಷರಗಳನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ ಯೂನಿಕೋಡಿನಲ್ಲಿ ಬರೆದು, ಪಾತ್ (ಗೆರೆಗಳ ರೂಪ) ಆಗಿ ಪರಿವರ್ತಿಸಿ ಕಳುಹಿಸಿದರೆ, ಒತ್ತುಗಳು ಚೆದುರುವ ತೊಂದರೆಯೂ ಇರುವುದಿಲ್ಲ.

ಇನ್ನು ಹಣದ ಮಾತು. ಚೌಕಟ್ಟು, ಮೋಟಾರು, ಬೋರ್ಡು ಎಲ್ಲ ಅಗ್ಗವೇ ಹೌದು; ಆದರೆ ಒಳ್ಳೆಯ ಲೇಸರ್ ಮಾಡ್ಯೂಲಿನ ಬೆಲೆಯೇ ಒಟ್ಟು ವೆಚ್ಚದಲ್ಲಿ ಸಿಂಹಪಾಲು ನುಂಗುತ್ತದೆ, ಮತ್ತು ಅದನ್ನು ಸಾವಿರಗಟ್ಟಲೆ ಕೊಳ್ಳುವ ಕಂಪನಿಗೆ ಸಿಗುವ ದರ ಬಿಡಿಯಾಗಿ ಒಂದನ್ನು ಕೊಳ್ಳುವ ನಮಗೆ ಸಿಗುವುದಿಲ್ಲ. ಉಳಿದೀತೆಂದುಕೊಂಡ ಹಣ ಅಲ್ಲಿಗೇ ಬಹುಪಾಲು ಕರಗುತ್ತದೆ. ಯಾವುದನ್ನೇ ಕೊಳ್ಳುವುದಿದ್ದರೂ ವಾಟಿನ ಬಗ್ಗೆ ಎಚ್ಚರವಿರಲಿ: ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ 40 ವಾಟ್ ಎಷ್ಟೋ ಸಲ ಯಂತ್ರ ಎಳೆಯುವ ವಿದ್ಯುತ್ತಿನ ಲೆಕ್ಕವಾಗಿದ್ದು, ಹೊರಬರುವ ಬೆಳಕು 5 ವಾಟ್ ಮಾತ್ರವಿರುತ್ತದೆ. ಕೇಳಬೇಕಾದದ್ದು ಆಪ್ಟಿಕಲ್ ವಾಟ್.

ಸಿದ್ಧ ಯಂತ್ರ ನಿಜವಾಗಿ ಮುಂದಿರುವುದು ಸುರಕ್ಷತೆಯಲ್ಲಿ. ಇವು ಅತ್ಯಂತ ಅಪಾಯಕಾರಿಯಾದ ನಾಲ್ಕನೇ ವರ್ಗದ ಲೇಸರುಗಳು; ಇವುಗಳ ಪ್ರತಿಫಲಿತ ಕಿರಣವೂ ಕಣ್ಣಿನ ಅಕ್ಷಿಪಟಲವನ್ನು ಶಾಶ್ವತವಾಗಿ ಹಾಳುಮಾಡಬಲ್ಲದು. ನಮ್ಮ ಸಿದ್ಧ ಯಂತ್ರವನ್ನು ಓರೆಮಾಡಿದರೆ ಲೇಸರ್ ತಾನೇ ಆರುತ್ತದೆ, ತಲೆ ಚಲಿಸದೆ ನಿಂತಲ್ಲೇ ಸುಡತೊಡಗಿದರೂ ಆರುತ್ತದೆ, ಕಿರಣದ ಸುತ್ತ ಬಣ್ಣದ ಮರೆಯೂ ಇದೆ. ಕೂಡಿಸಿದ ಯಂತ್ರದಲ್ಲಿ ಇವೆಲ್ಲವನ್ನೂ ನಾವೇ ಮಾಡಿಕೊಳ್ಳಬೇಕು. ನಮ್ಮದಕ್ಕೆ ಪ್ಲೈವುಡ್ಡಿನ ಪೆಟ್ಟಿಗೆ, ಬಾಗಿಲು ತೆರೆದರೆ ಲೇಸರ್ ಆರಿಸುವ ಸ್ವಿಚ್ಚು, ಹೊಗೆ ಎಳೆಯುವ ಫ್ಯಾನು ಹಾಕಿಸುವಷ್ಟರಲ್ಲಿ ಸಿದ್ಧ ಯಂತ್ರಕ್ಕಿಂತ ವೆಚ್ಚ ಕಡಿಮೆಯಾಯಿತೆಂದು ಹೇಳುವಂತಿರಲಿಲ್ಲ. ಕನ್ನಡಕವೂ 450 ನ್ಯಾನೋಮೀಟರಿಗೆ ತಕ್ಕದ್ದೇ ಆಗಿರಬೇಕು. ಬಣ್ಣದ ಪ್ಲಾಸ್ಟಿಕ್ಕೆಲ್ಲ ರಕ್ಷಣೆಯಲ್ಲ. ಗ್ರಾಹಕರು ತರುವ ರೆಕ್ಸಿನ್ ಹೊದಿಕೆಯ ಡೈರಿಗಳನ್ನು ಎರಡೂ ಯಂತ್ರಗಳಿಂದ ದೂರವಿಡುತ್ತೇವೆ, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ಪಿವಿಸಿ, ಮತ್ತು ಪಿವಿಸಿ ಸುಟ್ಟಾಗ ಬರುವ ಹೈಡ್ರೋಜನ್ ಕ್ಲೋರೈಡ್ ಮನುಷ್ಯನ ಶ್ವಾಸಕೋಶಕ್ಕೂ ಯಂತ್ರದ ಲೋಹಕ್ಕೂ ಹಾನಿಕರ.

ಕೆಲಸದ ಗುಣಮಟ್ಟದಲ್ಲಿ ಅಂತರ ಅಲ್ಪ. ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್ ಹಲಗೆಯ ಮೇಲೆ ಎರಡೂ ಅಂದವಾಗಿಯೇ ಕೆತ್ತುತ್ತವೆ. ಸಣ್ಣ ಅಕ್ಷರಗಳಲ್ಲಿ ಮಾತ್ರ ಸಿದ್ಧ ಯಂತ್ರದ ಗೆರೆ ಇನ್ನಷ್ಟು ತೆಳುವಾಗಿ ಬರುತ್ತದೆ. ಎರಡರಿಂದಲೂ ಆಗದ ಕೆಲಸಗಳಿವೆ. ಪಾರದರ್ಶಕ ಅಕ್ರಿಲಿಕ್ಕಿನೊಳಗಿಂದ ನೀಲಿ ಬೆಳಕು ಸುಮ್ಮನೆ ಹಾದುಹೋಗುತ್ತದೆ. ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಲೇಸರೇ ಬೇಕು. ಸ್ಟೀಲ್ ಪಾತ್ರೆಗೆ ಹೆಸರು ಹಾಕಿಕೊಡಿ ಎಂದು ಬರುವವರನ್ನು ನಾವು ಪಾತ್ರೆ ಅಂಗಡಿಗೇ ಕಳುಹಿಸುತ್ತೇವೆ. ಅಲ್ಲಿನವರು ಕರೆಂಟಿನ ಪೆನ್ನಿನಿಂದ ನಿಮಿಷದೊಳಗೆ ಬರೆದುಕೊಡುವುದನ್ನು 5 ವಾಟಿನ ಡಯೋಡಿನಿಂದ ಬರಿಯ ಸ್ಟೀಲಿನ ಮೇಲೆ ಆಳವಾಗಿ ಕೆತ್ತಲಾಗದು.

ಕರೆಂಟು ಹೋಗುವುದು ನಮ್ಮ ಕಡೆ ದಿನನಿತ್ಯದ ಮಾತು. ಕೆತ್ತನೆಯ ನಡುವೆ ಕರೆಂಟು ಹೋದರೆ ನಮ್ಮ ಎರಡೂ ಯಂತ್ರಗಳು ತಾವೆಲ್ಲಿದ್ದೆವೆಂಬುದನ್ನು ಮರೆಯುತ್ತವೆ. ತಲೆ ಅಂಚು ಮುಟ್ಟಿದ್ದನ್ನು ತಿಳಿಸುವ ಲಿಮಿಟ್ ಸ್ವಿಚ್ಚುಗಳಿದ್ದರೆ ಮೂಲಸ್ಥಾನವನ್ನು ಮತ್ತೆ ಹಿಡಿದು, ಹಲಗೆ ಅಲುಗಾಡದಿದ್ದ ಪಕ್ಷದಲ್ಲಿ ಉಳಿದ ಭಾಗವನ್ನು ಮುಂದುವರಿಸಬಹುದು. ಆದ್ದರಿಂದ ಲಿಮಿಟ್ ಸ್ವಿಚ್ಚಿಲ್ಲದ ಯಂತ್ರವನ್ನು, ಎಷ್ಟೇ ಅಗ್ಗವಾಗಿರಲಿ, ಈ ಭಾಗದವರು ಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ. ಚಿಕ್ಕದೊಂದು ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ಮರ ತೇವ ಹಿಡಿದು, ಬೇಸಿಗೆಯಲ್ಲಿ ಸಲೀಸಾಗಿ ಕತ್ತರಿಸಿದ ವೇಗದಲ್ಲೇ ಪ್ಲೈವುಡ್ ಅರ್ಧಕ್ಕೆ ಉಳಿಯುತ್ತದೆ. ಸಕಲೇಶಪುರದ ಕಡೆಯವರಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರಿಪೇರಿಯಲ್ಲಿ ಕೂಡಿಸಿದ ಯಂತ್ರಕ್ಕೆ ಸಾಟಿಯಿಲ್ಲ. ಎ4988 ಸುಟ್ಟರೆ ಕಿತ್ತು ಬೇರೊಂದನ್ನು ಚುಚ್ಚಿದರಾಯಿತು. ಸಿದ್ಧ ಯಂತ್ರಗಳಲ್ಲಿ ಡ್ರೈವರನ್ನು ಬೋರ್ಡಿಗೇ ಬೆಸೆದಿರುವುದು ಸಾಮಾನ್ಯವಾದ್ದರಿಂದ ಬೋರ್ಡನ್ನೇ ತರಿಸಿಕೊಂಡು, ಅದು ಬರುವ ತನಕ ಮದುವೆ ಸೀಸನ್ನಿನ ಆರ್ಡರುಗಳನ್ನು ತಡೆಹಿಡಿಯಬೇಕಾಗುತ್ತದೆ.

ಹೀಗಿರುವುದರಿಂದ ವ್ಯಾಪಾರಕ್ಕೆಂದು ಇಟ್ಟುಕೊಳ್ಳುವವರಿಗೆ ನಾನು ಸಿದ್ಧ ಯಂತ್ರವನ್ನೇ ಹೇಳುತ್ತೇನೆ, ಆದರೆ ಅದು ಜಿಆರ್‌ಬಿಎಲ್ ಆಧಾರದ್ದಾಗಿರಬೇಕು. ಕಂಪ್ಯೂಟರಿನಿಂದ ಕೆತ್ತನೆಯನ್ನು ಕಳುಹಿಸುವ ತಂತ್ರಾಂಶಗಳಲ್ಲಿ ಉಚಿತವಾಗಿ ಸಿಗುವ ಲೇಸರ್‌ಜಿಆರ್‌ಬಿಎಲ್ ಆಗಲಿ, ಹಣ ಕೊಟ್ಟು ಪಡೆಯುವ ಲೈಟ್‌ಬರ್ನ್ ಆಗಲಿ, ಅದರೊಂದಿಗೆ ನಡೆಯಬೇಕು. ಬೋರ್ಡು ಕೈಕೊಟ್ಟ ದಿನ ಅದೇ ಚೌಕಟ್ಟಿಗೆ, ಅದೇ ಮೋಟಾರುಗಳಿಗೆ ಆರ್ಡುಯಿನೋ ಜೋಡಿಸಿ ಓಡಿಸಲು ಬರುತ್ತದೆ. ಲೇಸರಿನ ನಿಯಂತ್ರಣ ತಂತಿಗೆ 5 ವೋಲ್ಟಿನ ಪಿಡಬ್ಲ್ಯೂಎಂ ಸಂಕೇತ (ಲೇಸರಿನ ಶಕ್ತಿಯನ್ನು ಹೆಚ್ಚು-ಕಡಿಮೆ ಮಾಡುವ ಮಿಡಿತದ ಸಂಕೇತ) ಸಾಕೇ ಎಂಬುದನ್ನು ಮಾತ್ರ ಕೊಳ್ಳುವಾಗಲೇ ಕೇಳಿ ತಿಳಿದುಕೊಂಡಿರಬೇಕು. ಪಾಲಿಟೆಕ್ನಿಕ್ ಅಥವಾ ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳು ಮನೆಯಲ್ಲಿದ್ದು, ಕಲಿಯುವುದೇ ಉದ್ದೇಶವಾಗಿದ್ದರೆ, ಅವರು ಕೂಡಿಸಲಿ. ಪೆಟ್ಟಿಗೆಯೂ ಬಾಗಿಲಿನ ಸ್ವಿಚ್ಚೂ ಸಿದ್ಧವಾಗುವವರೆಗೆ ಲೇಸರ್ ಮಾಡ್ಯೂಲಿನ ಬದಲು ಪೆನ್ನೊಂದನ್ನು ಕಟ್ಟಿ ಕಾಗದದ ಮೇಲೆ ಬರೆಸಿ ನೋಡಲಿ.