ಪೋಲೋ 1.0 ಟಿಎಸ್‌ಐ, ಐದು ವರ್ಷ, 68 ಸಾವಿರ ಕಿಲೋಮೀಟರ್: ಮಡಿಕೇರಿಯಿಂದ ಇಳಿದು ಹತ್ತಿದ ಮೈಲೇಜ್ ಲೆಕ್ಕ

ಕಾರು ತಗೊಂಡಿದ್ದು 2020ರ ಕೊನೇಲಿ. ಫೋಕ್ಸ್‌ವ್ಯಾಗನ್ ಪೋಲೋ 1.0 ಟಿಎಸ್‌ಐ, ಮ್ಯಾನುಯಲ್. ಮೂರು ಸಿಲಿಂಡರ್ ಟರ್ಬೊ ಪೆಟ್ರೋಲ್, 110 ಪಿಎಸ್ ಪವರ್, 175 ಎನ್‌ಎಂ ಟಾರ್ಕ್ (ಎಳೆಯೋ ಬಲ), ಆರು ಗೇರು, 45 ಲೀಟರ್ ಟ್ಯಾಂಕ್. ಪೇಪರಲ್ಲಿ ಕೊಟ್ಟ ಮೈಲೇಜ್ ಲೀಟರಿಗೆ 18.24. ಮನೆ ಮಡಿಕೇರಿ ಹತ್ರ, ಅಕ್ಕ ಇರೋದು ಬೆಂಗಳೂರಲ್ಲಿ, ಅಪ್ಪನ ಚೆಕಪ್ ಮಂಗಳೂರಲ್ಲಿ, ಹಾಗಾಗಿ ಈ ಕಾರು ಓಡಿದ್ದರಲ್ಲಿ ಮುಕ್ಕಾಲು ಪಾಲು ದೂರದ ಓಟವೇ. ಸಿಕ್ಕಿದವರೆಲ್ಲ ಕೇಳೋದು ಒಂದೇ ಪ್ರಶ್ನೆ, ಎಷ್ಟು ಕೊಡ್ತದೆ ಅಂತ. ಐದು ವರ್ಷದ ಸರಾಸರಿ 15.9 ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದು, ಆದ್ರೆ ನಮ್ಮ ಬೆಟ್ಟದ ಊರಲ್ಲಿ ಆ ಒಂದು ನಂಬರ್ ಇಟ್ಕೊಂಡು ಯಾರಿಗೂ ಏನೂ ಗೊತ್ತಾಗಲ್ಲ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಲೆಕ್ಕ ಇಡೋದು ಹಳೇ ಚೆಕ್‌ರೋಲ್ ಪುಸ್ತಕದಲ್ಲಿ. ತೋಟದಲ್ಲಿ ರೈಟರ್ ಆಳುಗಳ ಹಾಜರಿ ಹಾಕ್ತಾರಲ್ಲ ಅದೇ ಉದ್ದದ ಪುಸ್ತಕ, ಅರ್ಧ ಖಾಲಿ ಇತ್ತು, ಗೆರೆ ಕಾಲಮ್ ಎಲ್ಲ ರೆಡಿ ಇದ್ದಿದ್ದರಿಂದ ಹೆಸರಿನ ಜಾಗದಲ್ಲಿ ಊರು, ದಿನದ ಜಾಗದಲ್ಲಿ ಲೀಟರ್ ಬರ್ಕೊಂಡು ಬಂದೆ. ಪದ್ಧತಿ ಒಂದೇ, ಟ್ಯಾಂಕ್ ಟು ಟ್ಯಾಂಕ್, ಅಂದ್ರೆ ಫುಲ್ ಮಾಡಿ ಓಡಿಸಿ, ಮತ್ತೆ ಫುಲ್ ಮಾಡುವಾಗ ಹಿಡಿಸಿದ ಲೀಟರಿಂದ ಓಡಿದ ಕಿಲೋಮೀಟರನ್ನ ಭಾಗಿಸೋದು. ಮಡಿಕೇರಿಯ ಅದೇ ಬಂಕ್, ಸಾಧ್ಯ ಆದ್ರೆ ಅದೇ ಪಂಪ್, ನಾಝಲ್ ಮೊದಲನೇ ಸಲ ಟಕ್ ಅಂತ ಕಟ್ ಆದ ಕೂಡ್ಲೇ ನಿಲ್ಲಿಸ್ಬೇಕು. ಹುಡುಗರು ಅಭ್ಯಾಸಬಲದಲ್ಲಿ "ರೌಂಡ್ ಫಿಗರ್ ಮಾಡ್ಲಾ ಅಣ್ಣ" ಅಂತ ಮತ್ತೆ ಒತ್ತೋಕೆ ಹೋಗ್ತಾರೆ, ಬೇಡ ಅಂತ ಮೊದಲೇ ಹೇಳಿಡಿ. ಆ ರೌಂಡ್ ಫಿಗರ್‌ನಲ್ಲಿ ಒಂದು ಲೀಟರ್ ಹೆಚ್ಚುಕಮ್ಮಿ ಆದ್ರೂ 28 ಲೀಟರಿನ ಟ್ರಿಪ್ಪಲ್ಲಿ ಲೆಕ್ಕ ಮೂರೂವರೆ ಪರ್ಸೆಂಟ್ ಅತ್ತಿತ್ತ ಆಗ್ತದೆ, ಆಮೇಲೆ ಯಾವ ಹೋಲಿಕೆಯೂ ಉಪಯೋಗಕ್ಕೆ ಬರಲ್ಲ.

ಡ್ಯಾಶಲ್ಲಿ ತೋರಿಸೋ ಮೈಲೇಜನ್ನೇ ನಂಬ್ಕೊಂಡು ಕೂರೋರು ತುಂಬ ಜನ. ಅದು ಇಂಜಿನ್ನಿಗೆ ಪೆಟ್ರೋಲ್ ಚಿಮುಕಿಸೋ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನೋದರ ಮೇಲೆ ಹಾಕೋ ಅಂದಾಜು, ಯಾವ ಕಾರಲ್ಲೂ ಅಳತೆ ಮಾಡಿದ ಪೆಟ್ರೋಲಿಗೆ ಸರಿಯಾಗಿ ತಾಳೆ ಆಗಲ್ಲ. ನನ್ನ ಪುಸ್ತಕದ ಪ್ರಕಾರ ಸ್ಕ್ರೀನ್ ಯಾವಾಗಲೂ ಐದಾರು ಪರ್ಸೆಂಟ್ ಜಾಸ್ತಿ ಹೇಳ್ತದೆ. ಆದ್ರೆ ಒಂದೇ ಸಮನೆ ಜಾಸ್ತಿ ಹೇಳೋದ್ರಿಂದ ಇವತ್ತಿಗೂ ನಾಳೆಗೂ ಹೋಲಿಸೋಕೆ ಅದು ಒಳ್ಳೇ ಸಾಧನ, ಆ ಕೆಲಸಕ್ಕೆ ನಾನೂ ಧಾರಾಳವಾಗಿ ಬಳಸ್ತೀನಿ.

ಈಗ ಮುಖ್ಯ ವಿಷಯ, ಎತ್ತರ. ಮಡಿಕೇರಿ ಇರೋದು ಸಮುದ್ರ ಮಟ್ಟದಿಂದ ಸುಮಾರು 1,170 ಮೀಟರ್ ಮೇಲೆ, ಮಂಗಳೂರು ಸಮುದ್ರದ ಪಕ್ಕದಲ್ಲೇ. ಸಂಪಾಜೆ, ಸುಳ್ಯ, ಪುತ್ತೂರು, ಮಾಣಿ ಮೇಲೆ ಹೋದ್ರೆ 138 ಕಿಲೋಮೀಟರ್. ಇಳಿಯುವಾಗ ಸ್ಕ್ರೀನಲ್ಲಿ 20.8 ಬಂತು, ಅವತ್ತು ಸಾಯಂಕಾಲ ಅದೇ ದಾರೀಲಿ ಅದೇ ಮೂರು ಜನ ವಾಪಸ್ ಹತ್ತುವಾಗ 14.4. ಹೋಗುವಾಗಿನ ಫೋಟೋ ಒಂದೇ ಹಾಕಿದ್ರೆ ಇದೊಂದು ಡೀಸೆಲ್ ಕಾರು ಅನ್ಸ್ತದೆ, ಬರುವಾಗಿಂದು ಒಂದೇ ಹಾಕಿದ್ರೆ ಮಾರಿಬಿಡಿ ಅಂತಾರೆ. ಕಾರು, ಜನ, ಲಗೇಜ್ ಸೇರಿ ಅಂದಾಜು 1,350 ಕೆಜಿ, ಅಷ್ಟು ಭಾರಾನ 1,170 ಮೀಟರ್ ಎತ್ತೋಕೆ, ಇಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ಮೂರನೇ ಒಂದು ಪಾಲು ಹತ್ರ ಮಾತ್ರ ಚಕ್ರಕ್ಕೆ ಕೊಡೋದು ಅಂತ ಇಟ್ಕೊಂಡ್ರೆ, ಒಂದೂವರೆ ಲೀಟರ್ ಬರೀ ಎತ್ತರಕ್ಕೇ ಹೋಗ್ತದೆ. ಇಳಿಯುವಾಗ ಅದರಲ್ಲಿ ಸ್ವಲ್ಪ ವಾಪಸ್ ಸಿಗ್ತದೆ, ಪೂರ್ತಿ ಸಿಗಲ್ಲ, ಯಾಕಂದ್ರೆ ಘಾಟಿಯ ಪ್ರತಿ ತಿರುವಲ್ಲೂ ಬ್ರೇಕ್ ಹಿಡೀಲೇಬೇಕು, ಆ ಶಕ್ತಿಯೆಲ್ಲ ಡಿಸ್ಕ್ ಬಿಸಿ ಮಾಡೋಕೇ ಖರ್ಚು.

ಇನ್ನೊಂದು ತಪ್ಪು ಲೆಕ್ಕ ಇದೆ, ನಾನೂ ಮೊದಲು ಹಾಗೇ ಹಾಕ್ತಿದ್ದೆ. 20.8ಕ್ಕೆ 14.4 ಕೂಡಿಸಿ ಎರಡರಿಂದ ಭಾಗಿಸಿದ್ರೆ 17.6 ಬರ್ತದೆ. ಹಾಗೆ ಮಾಡಬಾರದು. ಇಳಿಯೋಕೆ 6.6 ಲೀಟರ್, ಹತ್ತೋಕೆ 9.6 ಲೀಟರ್, ಒಟ್ಟು 276 ಕಿಲೋಮೀಟರಿಗೆ 16.2 ಲೀಟರ್ ಅಂದ್ರೆ 17. ಬಂಕಲ್ಲಿ ಹಿಡಿಸಿದ್ದು 17.1 ಲೀಟರ್, ಹಾಗಾಗಿ ನಿಜವಾದ್ದು 16.1. ಕೊಡಗಿನವರು ಯಾರೇ ಮೈಲೇಜ್ ಹೇಳಿದ್ರೂ ಹೋಗಿ ಬಂದ ಲೆಕ್ಕವಾ ಅಂತ ಮೊದಲು ಕೇಳಿ.

ಇಳಿಜಾರಲ್ಲಿ ನ್ಯೂಟ್ರಲ್ ಹಾಕಿ ಬಿಡೋ ಅಭ್ಯಾಸ ನಮ್ಮ ಕಡೆ ಇನ್ನೂ ಹೋಗಿಲ್ಲ, ಜೀಪಿನ ಕಾಲದಿಂದ ಬಂದಿದ್ದು. ದಯವಿಟ್ಟು ಬಿಡಿ. ಗೇರಲ್ಲೇ ಇಟ್ಟು ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಈಗಿನ ಇಂಜಿನ್‌ಗಳು ಇಂಜೆಕ್ಟರನ್ನೇ ಮುಚ್ಚಿಬಿಡ್ತವೆ, ಪೆಟ್ರೋಲ್ ಸೊನ್ನೆ, ಚಕ್ರವೇ ಇಂಜಿನ್ ತಿರುಗಿಸ್ತಿರ್ತದೆ. ನ್ಯೂಟ್ರಲ್ಲಲ್ಲಿ ಇಂಜಿನ್ ಉಸಿರಾಡ್ತಾ ಇರೋಕೆ ಪೆಟ್ರೋಲ್ ಬೇಕು, ಮೇಲಿಂದ ಭಾರವೆಲ್ಲ ಬ್ರೇಕಿನ ಮೇಲೆ. ಜೋಡುಪಾಲ ಕಡೆ ಇಳಿಯುವಾಗ ನಾನು ಮೂರನೇ ಗೇರಲ್ಲಿ ಬಿಡ್ತೀನಿ, ಸ್ಕ್ರೀನಲ್ಲಿ ಆ ಕ್ಷಣದ ಮೈಲೇಜ್ ತೋರಿಸೋ ಇನ್‌ಸ್ಟಂಟ್ ರೀಡಿಂಗ್ ಎಗರಿ ಕೂರ್ತದೆ, ಬ್ರೇಕ್ ವಾಸನೆ ಒಂದು ದಿನಾನೂ ಬಂದಿಲ್ಲ.

ಬೆಂಗಳೂರು ದಾರಿ ಬೇರೆ ಥರ. 2023ರ ಮಾರ್ಚಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಮೈಲೇಜ್ ಏರ್ತದೆ ಅಂದ್ಕೊಂಡಿದ್ದೆ, ಸಿಗ್ನಲ್ ಇಲ್ಲ, ರಾಮನಗರ ಚನ್ನಪಟ್ಟಣದ ಒಳಗೆ ನುಗ್ಗೋದಿಲ್ಲ. ಮೊದಲ ಟ್ರಿಪ್ಪಲ್ಲಿ ಹಳೇ ರೋಡಿಗಿಂತ ಕಮ್ಮಿಯೇ ಬಂತು! ಕಾರಣ ಸ್ಪೀಡ್. ಗಾಳಿಯ ತಡೆ ವೇಗದ ವರ್ಗಕ್ಕೆ ಏರ್ತದೆ, 80ರಲ್ಲಿ ಇದ್ದಿದ್ದು 100ರಲ್ಲಿ ಒಂದೂವರೆ ಪಟ್ಟಿಗೂ ಜಾಸ್ತಿ. ಎರಡು ವೀಕೆಂಡ್ ಬೇಕಂತಲೇ ಪರೀಕ್ಷೆ ಮಾಡಿದೆ, ಎಕ್ಸ್‌ಪ್ರೆಸ್‌ವೇ ಶುರುವಲ್ಲಿ ಟ್ರಿಪ್ ಮೀಟರ್ ಸೊನ್ನೆ ಮಾಡಿ ಒಂದು ಸಲ 80ರಲ್ಲಿ, ಇನ್ನೊಂದು ಸಲ ಲಿಮಿಟ್ ಇರೋ 100ರಲ್ಲಿ, ಎರಡೂ ಸಲ ಆರನೇ ಗೇರು, ಎಸಿ ಆನ್, ಟಯರ್ ಪ್ರೆಷರ್ ಬೆಳಿಗ್ಗೆ ತಣ್ಣಗಿದ್ದಾಗಲೇ ನೋಡಿದ್ದು. ಸ್ಕ್ರೀನಿನ ಜಾಸ್ತಿ ಕಳೆದ ಮೇಲೆ 80ಕ್ಕೆ 20.1, 100ಕ್ಕೆ 17.4. ಆ 118 ಕಿಲೋಮೀಟರಲ್ಲಿ ಉಳಿದಿದ್ದು ಒಂದು ಲೀಟರಿಗೂ ಸ್ವಲ್ಪ ಕಮ್ಮಿ, ಹೋದ ಟೈಮ್ 18 ನಿಮಿಷದ ಹತ್ರ. ನಾನು ಈಗ 90ರಲ್ಲಿ ಹೋಗ್ತೀನಿ. ಹಿಂದೆ ಕೂತ ಅಪ್ಪ ನಿದ್ದೆ ಮಾಡ್ತಾರೆ, ಇಂಜಿನ್ ಸದ್ದೇ ಇರಲ್ಲ, ಬೇಕು ಅಂದಾಗ ಎಳೆಯೋಕೆ ಟರ್ಬೊ ಇದ್ದೇ ಇದೆ.

ಮೈಸೂರು ದಾಟಿದ ಮೇಲೆ ಹುಣಸೂರು, ಪಿರಿಯಾಪಟ್ಟಣ, ಬೈಲುಕುಪ್ಪೆ, ಕುಶಾಲನಗರ, ಅಲ್ಲಿ ಈ ಕಾರಿನ ನಿಜವಾದ ಸುಖ. ಟಿಂಬರ್ ಲಾರಿ ಹಿಂದೆ ಸಿಕ್ಕಿಹಾಕೊಂಡಾಗ ಮೂರಕ್ಕೆ ಇಳಿಸಿ ಒಂದು ಸಲ ಒತ್ತಿದ್ರೆ ಆಯ್ತು, ಹಾರಿಬಿಡ್ತದೆ. ಓವರ್‌ಟೇಕ್ ಮಾಡಿ ಮಾಡಿ ಮೈಲೇಜ್ ಹೋಯ್ತು ಅಂತ ಬೇಜಾರು ಮಾಡ್ಕೋಬೇಡಿ, ಐದಾರು ಸೆಕೆಂಡಿನ ಒತ್ತು ಅದು. ಮೈಲೇಜ್ ತಿನ್ನೋದು ಬ್ರೇಕು. ಊರೂರಿಗೂ ಇರೋ ಹಂಪ್ ತನಕ ಆಕ್ಸಿಲರೇಟರ್ ಒತ್ಕೊಂಡೇ ಹೋಗಿ ಕೊನೇಲಿ ಗಕ್ಕಂತ ಹಿಡಿಯೋದು ಬಿಟ್ಟು, ದೂರದಿಂದಲೇ ಕಾಲು ತೆಗೆದು ಗೇರಲ್ಲಿ ತೇಲಿಸ್ಕೊಂಡು ಹೋದ್ರೆ ಆ ದಾರೀಲಿ ಲೀಟರಿಗೆ ಒಂದು ಕಿಲೋಮೀಟರ್ ಪೂರ್ತಿ ಜಾಸ್ತಿ ಸಿಕ್ಕಿದೆ ನನಗೆ.

ಪುಸ್ತಕ ಇಟ್ಟಿದ್ದಕ್ಕೆ ಸಾರ್ಥಕ ಆಗಿದ್ದು 2022ರ ಮಳೆಗಾಲದಲ್ಲಿ. ಜುಲೈಲಿ ಮೂರು ವಾರ ಕಾರು ಶೆಡ್ಡಲ್ಲೇ ನಿಂತಿತ್ತು, ಹ್ಯಾಂಡ್‌ಬ್ರೇಕ್ ಎಳೆದೇ ಇಟ್ಟಿದ್ದೆ, ಅದು ನನ್ನದೇ ತಪ್ಪು. ಆಮೇಲಿನ ಮೈಸೂರು ಟ್ರಿಪ್ಪಲ್ಲಿ ಯಾವಾಗಲೂ 17.5 ಆಸುಪಾಸು ಬರೋದು 15.1 ಬಂತು. ಮಳೆ ಅಂದ್ಕೊಂಡೆ. ಮುಂದಿನ ಟ್ಯಾಂಕೂ 15.3. ಒಂದು ಗ್ಯಾರೇಜಲ್ಲಿ ತೋರಿಸಿದ್ರೆ ಟರ್ಬೊ ಕಾರಲ್ವಾ ಹಾಗೇ ಕುಡೀತದೆ, ಪ್ರೀಮಿಯಂ ಪೆಟ್ರೋಲ್ ಹಾಕಿ ಅಂತ ಕಳಿಸಿಬಿಟ್ರು. ವಾಪಸ್ ಬರುವಾಗ ಕುಶಾಲನಗರದಲ್ಲಿ ಟೀಗೆ ನಿಲ್ಲಿಸಿದ್ವಿ, ಅಪ್ಪ ಇಳಿದು ಹಿಂದಿನ ಎಡ ಚಕ್ರದ ಪಕ್ಕ ನಿಂತವರು ಬಗ್ಗಿ ಕೈ ಹತ್ರ ಹಿಡಿದು "ಎಂತ ಮಾರಾಯ ಇದು, ಈ ಚಕ್ರ ಒಂದೇ ಒಲೆ ಥರ ಸುಡ್ತಾ ಉಂಟು" ಅಂದ್ರು. ಬಲಗಡೆದು ಬೆಚ್ಚಗೂ ಇರ್ಲಿಲ್ಲ. ಬಾಟಲಿ ನೀರು ಎರಡು ಹನಿ ಚಿಮುಕಿಸಿದೆ, ಚುಯ್ ಅಂತ ಆರಿಹೋಯ್ತು. ಹ್ಯಾಂಡ್‌ಬ್ರೇಕ್ ಕೇಬಲ್ ತೇವಕ್ಕೆ ತುಕ್ಕು ಹಿಡಿದು ಪೂರ್ತಿ ವಾಪಸ್ ಬರ್ತಾ ಇರ್ಲಿಲ್ಲ, ಬ್ರೇಕ್ ಶೂ ಡ್ರಮ್ಮಿಗೆ ಉಜ್ಜಿಕೊಂಡೇ ಅಷ್ಟು ದಿನ ಓಡಿದೆ. ಅಲ್ಲೇ ಊರಲ್ಲಿ ಗುರುತಿನ ಮೆಕ್ಯಾನಿಕ್ ಹತ್ರ ಬಿಚ್ಚಿಸಿ ಕೇಬಲ್ ಬದಲಿಸಿದ ಮೇಲಿನ ಟ್ಯಾಂಕು 17.4. ಪುಸ್ತಕ ಇಲ್ದೇ ಇದ್ದಿದ್ರೆ ಮಳೆ ಮೇಲೆ ಹಾಕಿ ಸುಮ್ಮನಿರ್ತಿದ್ದೆ, ಯಾವತ್ತೋ ಘಾಟಿಯಲ್ಲಿ ಬ್ರೇಕ್ ಕೈಕೊಡ್ತಿತ್ತು. ಆವತ್ತಿಂದ ಮಳೆಗಾಲದಲ್ಲಿ ನಿಲ್ಲಿಸಿಡೋದಿದ್ರೆ ಸಮತಟ್ಟು ಜಾಗ, ಫಸ್ಟ್ ಗೇರು, ಚಕ್ರಕ್ಕೆ ಒಂದು ಮರದ ತುಂಡು, ಹ್ಯಾಂಡ್‌ಬ್ರೇಕ್ ಇಲ್ಲ.

ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆ ಕೇಳ್ತಾರೆ. ಎಥನಾಲಲ್ಲಿ ಲೀಟರಿಗೆ ಸಿಗೋ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಮ್ಮಿ, 10 ಪರ್ಸೆಂಟಿಂದ 20ಕ್ಕೆ ಹೋದ್ರೆ ಮೂರೂವರೆ ಪರ್ಸೆಂಟ್ ಹತ್ರ ಇಳಿಯಲೇಬೇಕು. ನನ್ನ ಬೆಂಗಳೂರು ಟ್ರಿಪ್ 17.8 ಇದ್ದಿದ್ದು 2025ರಲ್ಲಿ 17.1 ಆಗಿದೆ. ಅದೇ ವರ್ಷ ಟಯರೂ ಬದಲಿಸಿದ್ದರಿಂದ ಪೂರ್ತಿ ಇ20 ಮೇಲೇ ಹಾಕಲ್ಲ.

ಪೋಲೋ ತಯಾರಿಕೆ ಇಲ್ಲಿ 2022ಕ್ಕೇ ನಿಂತಿದೆ, ಈಗ ತಗೊಳ್ಳೋದಿದ್ರೆ ಸೆಕೆಂಡ್ ಹ್ಯಾಂಡೇ. ನಮ್ಮ ಕಡೆ ಓಡಿದ ಗಾಡಿ ಆದ್ರೆ ಹತ್ತು ಕಿಲೋಮೀಟರಾದ್ರೂ ಓಡಿಸಿ, ಬ್ರೇಕ್ ಜಾಸ್ತಿ ಹಿಡೀದೇ ನಿಲ್ಲಿಸಿ, ಇಳಿದ ಕೂಡ್ಲೇ ಹಿಂದಿನ ಎರಡೂ ಚಕ್ರದ ಹತ್ರ ಕೈ ಹಿಡಿದು ನೋಡಿ. ಮುಟ್ಟಬೇಡಿ, ಹತ್ರ ಹಿಡಿದ್ರೆ ಸಾಕು, ಎರಡೂ ಕಡೆ ಬಿಸಿ ಒಂದೇ ಥರ ಇರ್ಬೇಕು.