ಕಾರವಾರದ ಹೆಮಟಾಲಜಿ ಲ್ಯಾಬಿಗೆ ಯಾವ ಫ್ಲೋ ಸೈಟೋಮೀಟರ್?

ಫ್ಲೋ ಸೈಟೋಮೀಟರ್ ಎಂದರೆ ಹೊಳೆಯುವ ಬಣ್ಣ ಹಚ್ಚಿದ ರಕ್ತಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಗುರುತಿಸುವ ಮಷೀನು. ಕ್ಯಾಟಲಾಗ್ ಕೈಗೆ ಬಂದರೆ ಮೊದಲು ಕಣ್ಣು ಹೋಗುವುದೇ ಬಣ್ಣಗಳ ಲೆಕ್ಕಕ್ಕೆ, ಅಂದರೆ ಒಂದು ಟ್ಯೂಬಿನಲ್ಲಿ ಒಟ್ಟಿಗೆ ಎಷ್ಟು ಗುರುತು ನೋಡಬಹುದು ಎಂಬುದಕ್ಕೆ. ಕಾರವಾರ, ಕುಮಟಾ, ಶಿರಸಿ ಕಡೆಯ ಆಸ್ಪತ್ರೆಗೆ ಎಂಟು ಬಣ್ಣ ಧಾರಾಳ ಸಾಕು. ಆದರೆ 405 ನ್ಯಾನೊಮೀಟರಿನ ನೇರಳೆ ಲೇಸರ್ ಇರಲೇಬೇಕು. ನೀಲಿ, ಕೆಂಪು ಎರಡೇ ಇದ್ದರೆ ಸಾಮಾನ್ಯವಾಗಿ ಆರು ಬಣ್ಣಕ್ಕೇ ನಿಲ್ಲುತ್ತದೆ.

ಎಂಟೇ ಯಾಕೆಂದರೆ, ಅಕ್ಯೂಟ್ ಲ್ಯುಕೇಮಿಯಾ (ವೇಗವಾಗಿ ಬೆಳೆಯುವ ರಕ್ತದ ಕ್ಯಾನ್ಸರ್) ಸಂಶಯದ ಮ್ಯಾರೋ (ಮೂಳೆಮಜ್ಜೆ) ಬಂದಾಗ ಯೂರೋಫ್ಲೋ ಎಂಬ ಯುರೋಪಿನ ತಜ್ಞರ ಕೂಟದ ವಿಧಾನದ ಮೊದಲ ಟ್ಯೂಬಿನಲ್ಲೇ ಸಿಡಿ45, ಸಿಡಿ34, ಸಿಡಿ19, ಸಿಡಿ7, ಕೋಶದ ಮೇಲಿನ ಸಿಡಿ3, ಒಳಗಿನ ಸಿಡಿ3, ಎಂಪಿಒ, ಸಿಡಿ79ಎ ಎಂಬ ಎಂಟು ಗುರುತುಗಳು (ಕೋಶದ ಪ್ರೋಟೀನುಗಳು) ಎಲ್ಲವೂ ಒಟ್ಟಿಗೆ ಕಾಣುತ್ತವೆ. ಬಿ, ಟಿ, ಮೈಲಾಯ್ಡ್ ಎಂಬ ಕೋಶದ ಬಗೆಗಳಲ್ಲಿ ಯಾವುದರತ್ತ ಹೋಗಬೇಕೆಂದು ಅಲ್ಲೇ ಗೊತ್ತಾಗುತ್ತದೆ. ಅಗ್ಗವೆಂದು ಹಳೆಯ ಫ್ಯಾಕ್ಸ್‌ಕ್ಯಾಲಿಬರ್ ತಂದರೆ ನಾಲ್ಕೇ ಬಣ್ಣ. ಗೇಟಿಂಗಿಗೆ (ಬೇಕಾದ ಕೋಶಗಳನ್ನಷ್ಟೇ ಬೇರ್ಪಡಿಸಿ ನೋಡಲು) ಪ್ರತಿ ಟ್ಯೂಬಿಗೂ ಸಿಡಿ45 ಹಾಕಬೇಕು, ಉಳಿಯುವುದು ಮೂರು, ಹಾಗಾಗಿ ಟ್ಯೂಬು ಹೆಚ್ಚು ಬೇಕು. ಮಕ್ಕಳ ಮ್ಯಾರೋ ಅಷ್ಟು ಟ್ಯೂಬಿಗೆ ಸಾಲುವುದಿಲ್ಲ.

ಬೆಕ್‌ಮನ್ ಕೌಲ್ಟರಿನ ನೇವಿಯೋಸ್‌ಗೆ ಮೂರು ಲೇಸರ್, ಹತ್ತು ಬಣ್ಣ, 32 ಟ್ಯೂಬಿನ ಕೆರೋಸೆಲ್ (ಟ್ಯೂಬುಗಳನ್ನು ತಾನೇ ತಿರುಗಿಸಿ ಕೊಡುವ ತಟ್ಟೆ). ದಿನವಿಡೀ ಸ್ಯಾಂಪಲ್ ಬರುವ ಕಡೆ ಒಳ್ಳೆಯ ಮಷೀನು, ನಮ್ಮ ಜಿಲ್ಲೆಯ ಲ್ಯಾಬಿಗೆ ಅಷ್ಟು ಬೇಡ. ಅವರದೇ ಡಿಎಕ್ಸ್‌ಫ್ಲೆಕ್ಸ್ 13 ಬಣ್ಣದ್ದು. ಪಂಪು ಎಳೆದ ಸ್ಯಾಂಪಲಿನ ಅಳತೆ ಗೊತ್ತಿರುವುದರಿಂದ ಎಣಿಕೆಗೆ ಬೆರೆಸುವ ಬೀಡ್ಸ್ (ಸಣ್ಣ ಮಣಿಗಳು) ಇಲ್ಲದೆಯೂ ಕೋಶಗಳ ಎಣಿಕೆ ಸಿಗುತ್ತದೆ. ಪಂಪಿನ ಟ್ಯೂಬಿಂಗ್ ಸವೆದರೆ ಆ ಎಣಿಕೆಯೂ ತಪ್ಪುತ್ತದೆ, ಹಾಗಾಗಿ ಕ್ಯಾಲಿಬ್ರೇಶನ್ ಬಿಡುವಂತಿಲ್ಲ. ಬಿಡಿ (ಬೆಕ್ಟನ್ ಡಿಕಿನ್ಸನ್) ಕಂಪನಿಯ ಫ್ಯಾಕ್ಸ್‌ಲಿರಿಕ್ 12 ಬಣ್ಣದವರೆಗೆ ಬೇರೆ ಬೇರೆ ಸಂಯೋಜನೆಯಲ್ಲಿ ಬರುತ್ತದೆ. ಎಂಟು ಬಣ್ಣದಲ್ಲಿ ಶುರು ಮಾಡುವವರಿಗೆ ಹೊಂದುತ್ತದೆ. ಕೊನೆಯ ಎರಡರಲ್ಲಿ ಯಾವುದಾದರೂ ಸರಿ. ಯಾರ ಎಂಜಿನಿಯರ್ ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಬೇಗ ಬರುತ್ತಾರೋ ಅವರದ್ದನ್ನೇ ತೆಗೆದುಕೊಳ್ಳಿ. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದು ಹೆದ್ದಾರಿ 66 ಬಂದಾದದ್ದು ನೆನಪಿರಲಿ: ಮಳೆಗಾಲಕ್ಕೆ ಮೊದಲೇ ಸರ್ವಿಸ್ ಮಾಡಿಸಿ, ಶೀತ್ ದ್ರವ (ಕೋಶಗಳನ್ನು ಸಾಲಾಗಿ ಒಯ್ಯುವ ದ್ರವ), ಕ್ಯೂಸಿ (ಗುಣಮಟ್ಟ ತಪಾಸಣೆಯ) ಬೀಡ್ಸ್, ಫಿಲ್ಟರ್ ತರಿಸಿಟ್ಟಿರಬೇಕು.

ಮಷೀನಿಗಿಂತ ಕೋಣೆಯೇ ಹೆಚ್ಚು ಕಾಡುತ್ತದೆ. ರಾತ್ರಿ ಎಸಿ ಆರಿಸಿದರೆ ತಣ್ಣಗಿರುವ ಲೋಹ, ಗಾಜಿನ ಮೇಲೆ ಸಮುದ್ರದ ತೇವದ ಗಾಳಿ ನೀರಾಗಿ ಕೂರುತ್ತದೆ. ಎಸಿ 24 ತಾಸೂ ಓಡಬೇಕು, ಜೊತೆಗೆ ಡಿಹ್ಯೂಮಿಡಿಫೈಯರ್. ಉಷ್ಣಾಂಶ ಏರಿಳಿದರೆ ಲೇಸರಿನ ಹೊಂದಾಣಿಕೆಯೂ ಸರಿಯುತ್ತದೆ. ಕರೆಂಟು ಹೋಗಿ ಜನರೇಟರ್ ಎದ್ದೇಳುವ ಆ ಕೆಲವು ಸೆಕೆಂಡಿನಲ್ಲೇ ಓಡುತ್ತಿದ್ದ ಟ್ಯೂಬ್ ಹಾಳು, ಮತ್ತೆ ಲೇಸರ್ ಕಾಯಿಸಬೇಕು. ಆನ್‌ಲೈನ್ ಯುಪಿಎಸ್ಸೇ (ಕ್ಷಣವೂ ತಡೆಯಿಲ್ಲದೆ ಕರೆಂಟು ಕೊಡುವಂಥದ್ದು) ಬೇಕು, ಕಂಪ್ಯೂಟರಿಗೂ ಅದರಿಂದಲೇ ಲೈನು. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತಿಂಗ್ ದುರ್ಬಲವಾಗುತ್ತದೆ. ಏಪ್ರಿಲ್-ಮೇನಲ್ಲಿ ಅಳೆಸಿ ನೋಡಿ.

ಕೋಶಕ್ಕೆ ಬಣ್ಣ ಹಚ್ಚುವ ಆ್ಯಂಟಿಬಾಡಿ ಬರುವ ಡಬ್ಬಿಯಲ್ಲಿ 2ರಿಂದ 8 ಡಿಗ್ರಿ ಇರಬೇಕು, ಹೆಪ್ಪುಗಟ್ಟಲೂ ಬಾರದು. ಮೊದಲು ಕೆಡುವುದು ಪಿಇ-ಸೈ7, ಎಪಿಸಿ-ಸೈ7ನಂಥ ಟ್ಯಾಂಡಮ್ (ಎರಡನ್ನು ಜೋಡಿಸಿದ) ಬಣ್ಣಗಳು. ಬೆಳಕು, ಬಿಸಿ ತಗುಲಿ ಎಪಿಸಿ-ಸೈ7 ಮುರಿದರೆ ಎಪಿಸಿ ಚಾನೆಲ್ಲಿನಲ್ಲಿ ಇಲ್ಲದ ಪಾಸಿಟಿವ್ ಕಾಣುತ್ತದೆ. ಕಾಂಪೆನ್ಸೇಶನ್ (ಒಂದು ಬಣ್ಣ ಇನ್ನೊಂದರ ಚಾನೆಲ್ಲಿಗೆ ಸೋರುವುದನ್ನು ಕಳೆಯುವ ಲೆಕ್ಕ) ತಿದ್ದುತ್ತಾ ಕೂತರೆ ಉಪಯೋಗವಿಲ್ಲ, ಆ ವೈಲು ಬಿಸಾಡಬೇಕು.

ಡೆಮೊಗೆ ಕಂಪನಿಯ ಕಂಟ್ರೋಲ್ ರಕ್ತ ಸಾಲದು. ನಿಮ್ಮದೇ ಸಿಎಲ್‌ಎಲ್ (ನಿಧಾನವಾಗಿ ಬೆಳೆಯುವ, ಬಿ ಕೋಶಗಳ ರಕ್ತದ ಕ್ಯಾನ್ಸರ್) ಸ್ಯಾಂಪಲ್ ಕೊಡಿ. 100 ಮೈಕ್ರೋಲೀಟರ್ ರಕ್ತವನ್ನು ಪಿಬಿಎಸ್ ಎಂಬ ಉಪ್ಪಿನ ಬಫರ್ ದ್ರವದಲ್ಲಿ ಎರಡು-ಮೂರು ಸಲ ತೊಳೆದ ಮೇಲೇ ಕಪ್ಪಾ, ಲ್ಯಾಂಬ್ಡಾ (ಇಮ್ಯುನೊಗ್ಲಾಬ್ಯುಲಿನ್ನಿನ ಎರಡು ಬಗೆಯ ಸರಪಣಿಗಳು) ಆ್ಯಂಟಿಬಾಡಿ ಹಾಕಬೇಕು. ತೊಳೆಯದಿದ್ದರೆ ಸೀರಮ್ಮಿನ ಇಮ್ಯುನೊಗ್ಲಾಬ್ಯುಲಿನ್ನೇ ಆ್ಯಂಟಿಬಾಡಿಯನ್ನು ನುಂಗಿಬಿಡುತ್ತದೆ. ಆಮೇಲೆ ಕತ್ತಲಲ್ಲಿ 15 ನಿಮಿಷ, ಲೈಸಿಂಗ್ (ಕೆಂಪು ರಕ್ತಕೋಶ ಒಡೆಯುವುದು), ಮತ್ತೊಂದು ತೊಳೆತ.

ಎಂಆರ್‌ಡಿ (ಚಿಕಿತ್ಸೆಯ ನಂತರವೂ ಉಳಿದ ಕ್ಯಾನ್ಸರ್ ಕೋಶಗಳ ಪತ್ತೆ) ಮಾಡುವ ಯೋಚನೆಯಿದ್ದರೆ ಕ್ಯಾರಿಓವರ್ (ಒಂದು ಟ್ಯೂಬಿನ ಕೋಶ ಮುಂದಿನದಕ್ಕೆ ಸೇರುವುದು) ನೋಡದೆ ಸಹಿ ಹಾಕಬೇಡಿ. ಎಂಆರ್‌ಡಿಯ ಗಡಿ 0.01 ಶೇಕಡಾ, ಅಂದರೆ 10,000ಕ್ಕೊಂದು ಕೋಶ. ಒಂದು ಲಕ್ಷ ಎಣಿಸಿದರೆ ಸಿಗುವುದು ಹತ್ತು, ಹತ್ತು ಲಕ್ಷ ಎಣಿಸಿದರೆ ನೂರು. ಹಿಂದಿನ ಟ್ಯೂಬಿನ ಬ್ಲಾಸ್ಟ್ (ಲ್ಯುಕೇಮಿಯಾದ ಬಲಿಯದ ಕೋಶ) ನಾಲ್ಕಾರು ಉಳಿದು ಬಂದರೂ ವರದಿ ತಲೆಕೆಳಗಾಗುತ್ತದೆ. ಬ್ಲಾಸ್ಟ್ ತುಂಬಿದ ಟ್ಯೂಬ್ ಓಡಿಸಿ, ಹಿಂದೆಯೇ ಬರೀ ಪಿಬಿಎಸ್ ಓಡಿಸಿ, ಎಷ್ಟು ಕೋಶ ಬಂತೆಂದು ಎಣಿಸಿ. ಆ ಸಂಖ್ಯೆಯನ್ನು ಟೆಂಡರಿನಲ್ಲೇ ಬರೆಸಿ. ಲೇಸರ್ ಸಿಎಂಸಿಯೊಳಗೆ (ಬಿಡಿಭಾಗವೂ ಸೇರಿದ ನಿರ್ವಹಣಾ ಒಪ್ಪಂದ) ಬರುತ್ತದೋ ಇಲ್ಲವೋ ಎಂಬುದನ್ನೂ.