ನಿರಾಶ್ರಿತರ ಜೊತೆ ಆನ್‌ಲೈನ್ ಇಂಟರ್ನ್‌ಶಿಪ್: ದೆಹಲಿ, ಗ್ರೀಸ್, ಬೈಲಕುಪ್ಪೆ – ಯಾವುದು ವಾಸಿ?

ಕೊಡಗಿನ ಸಿದ್ದಾಪುರದ ಹತ್ತಿರದ ತೋಟದ ಮನೆಯಲ್ಲಿ ಕೂತುಕೊಂಡು ನಿರಾಶ್ರಿತರ ಜೊತೆ ಕೆಲಸ ಮಾಡಬಹುದಾ? ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವ ಜೂನಿಯರ್‌ಗಳು ಈಚೆಗೆ ಇದನ್ನೇ ಕೇಳುತ್ತಿದ್ದಾರೆ. ಮಾಡಬಹುದು. ನಾನು ಮೂರು ಕಡೆ ಮಾಡಿದ್ದೇನೆ. ಒಂದು ದೆಹಲಿಯ ಸಂಸ್ಥೆ. ಇನ್ನೊಂದು ಗ್ರೀಸ್‌ನ ಕ್ಯಾಂಪುಗಳಲ್ಲಿ ಇರುವವರಿಗಾಗಿ ನಡೆಯುವ ಯುರೋಪಿನ ಸಂಸ್ಥೆ. ಮೂರನೆಯದು ನಮ್ಮ ಪಕ್ಕದಲ್ಲೇ ಟಿಬೆಟಿಯನ್ನರ ಕ್ಯಾಂಪುಗಳಿರುವ ಬೈಲಕುಪ್ಪೆಯ ಒಂದು ಗುಂಪು. ಹೆಸರು ಬರೆಯುವುದಿಲ್ಲ. ಇಂಟರ್ನ್‌ಶಿಪ್ ಚೆನ್ನಾಗಿರುವುದು, ಕೆಡುವುದು ಎರಡೂ ಆ ವರ್ಷ ಸಿಗುವ ಸೂಪರ್‌ವೈಸರ್ ಮೇಲೆ ಜಾಸ್ತಿ ನಿಂತಿರುತ್ತದೆ, ಸಂಸ್ಥೆಯ ಬೋರ್ಡಿನ ಮೇಲಲ್ಲ.

ನಾನು ನೋಡಿದ್ದು ಎರಡೇ ವಿಷಯ. ಕೈಗೆ ನಿಜವಾದ ಕೇಸ್ ಕೊಡುತ್ತಾರಾ? ಕೊಟ್ಟ ಮೇಲೆ ಅದರ ಬಗ್ಗೆ ನಮ್ಮ ಜೊತೆ ಕೂತು ಮಾತಾಡುವವರು ಇದ್ದಾರಾ?

ದೆಹಲಿಯಿಂದಲೇ ಶುರು ಮಾಡುತ್ತೇನೆ, ಹೇಳುವುದು ಅಲ್ಲೇ ಜಾಸ್ತಿ ಇದೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಬೇರೆ ಕಾನೂನೂ ನಮ್ಮಲ್ಲಿಲ್ಲ. ಟಿಬೆಟಿಯನ್ನರನ್ನು, ಶ್ರೀಲಂಕಾದ ತಮಿಳರನ್ನು ಸರ್ಕಾರವೇ ನೋಡಿಕೊಳ್ಳುತ್ತದೆ. ಅಫ್ಘಾನಿಸ್ತಾನ, ಮ್ಯಾನ್ಮಾರ್, ಸೊಮಾಲಿಯಾದಂಥ ಕಡೆಯಿಂದ ಬಂದವರನ್ನು ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗವಾದ ಯುಎನ್‌ಎಚ್‌ಸಿಆರ್ ನೋಂದಾಯಿಸಿ ಕಾರ್ಡ್ ಕೊಡುತ್ತದೆ. ದೆಹಲಿಯ ಕೆಲಸವೆಲ್ಲ ಈ ಕಾರ್ಡಿನ ಸುತ್ತಲೇ. ಕಾರ್ಡ್ ಇದೆ, ಆಧಾರ್ ಇಲ್ಲ. ಬ್ಯಾಂಕ್ ಖಾತೆ, ಮೊಬೈಲ್ ಸಿಮ್, ಬಾಡಿಗೆ ಮನೆ, ಮಕ್ಕಳ ಶಾಲೆ ಎಲ್ಲವೂ ಅಲ್ಲೇ ಬಂದು ಸಿಕ್ಕಿಕೊಳ್ಳುತ್ತದೆ. ಅಫ್ಘನ್ ಕುಟುಂಬಗಳು ಲಾಜಪತ್ ನಗರ, ಭೋಗಲ್ ಕಡೆ ಇರುತ್ತಾರೆ. ಮ್ಯಾನ್ಮಾರಿನ ಚಿನ್ ಜನ ವಿಕಾಸಪುರಿ ಕಡೆ. ನಾನು ಆ ಬೀದಿಗಳನ್ನು ಕಂಡಿಲ್ಲ, ಫೋನಿನಲ್ಲಿ ಕೇಳಿಯೇ ಗೊತ್ತು.

ಮೊದಮೊದಲು ಹೆಸರು ಅಳಿಸಿದ ಹಳೆಯ ಕೇಸ್ ಫೈಲುಗಳನ್ನು ಓದಿಸಿದರು. ಆಮೇಲೆ ಬೇರೆಯವರ ಕಾಲ್‌ನಲ್ಲಿ ಸುಮ್ನೆ ಕೂತು ಕೇಳು ಅಂದರು. ಕೊನೆಗೆ ಒಂದು ಕೇಸ್ ಕೈಗೆ ಬಂತು. ಅಫ್ಘನ್ ತಾಯಿ, ಮಗನಿಗೆ ಶಾಲೆ ಸಿಕ್ಕಿಲ್ಲ. ಕಾನ್ಫರೆನ್ಸ್ ಕಾಲ್‌ನಲ್ಲಿ ನಾನು, ಆಕೆ, ದರಿ ಭಾಷೆಯ ದುಭಾಷಿ, ಜೊತೆಗೆ ಮ್ಯೂಟ್ ಮಾಡಿಕೊಂಡ ಸೂಪರ್‌ವೈಸರ್. ಶಾಲೆಯಲ್ಲಿ ಸೀಟು ಯಾಕೆ ಕೊಡಲಿಲ್ಲ, ಯಾವ ದಾಖಲೆ ಕೇಳಿದರು, ನೀವು ಏನು ತೋರಿಸಿದಿರಿ ಎಂದು ಒಂದೇ ಉಸಿರಿಗೆ ಕೇಳಿದೆ. ಆಕೆ ಸುಮಾರು ಹೊತ್ತು ಮಾತಾಡಿದರು. ದುಭಾಷಿ ಹೇಳಿದ್ದು, ‘ಆಗಲ್ಲ ಅಂದ್ರಂತೆ’ ಅಷ್ಟೇ. ಆಗಲೇ ಸೂಪರ್‌ವೈಸರ್ ಮೆಸೇಜ್ ಬಂತು: ‘ಒಂದು ಸಲಕ್ಕೆ ಒಂದೇ ಪ್ರಶ್ನೆ.’ ಹಾಗೇ ಮಾಡಿದೆ. ನೀವೇ ಹೋಗಿದ್ರಾ? ಹೌದು. ಆಗಲ್ಲ ಅಂತ ಯಾರು ಹೇಳಿದ್ದು? ಗೇಟಿನ ಹತ್ತಿರ ಇದ್ದವನು. ಒಳಗೆ ಹೋದ್ರಾ? ಇಲ್ಲ. ಅಂದರೆ ಆಕೆ ಮುಖ್ಯ ಶಿಕ್ಷಕರ ಮುಖವನ್ನೇ ನೋಡಿರಲಿಲ್ಲ, ವಾಚ್‌ಮನ್ ವಾಪಸ್ ಕಳಿಸಿದ್ದ. ಫೈಲಿನಲ್ಲಿ ಮಾತ್ರ ‘ಶಾಲೆ ಪ್ರವೇಶ ನಿರಾಕರಿಸಿದೆ’ ಎಂದು ಬರೆದಾಗಿತ್ತು.

ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಹಿಡಿದು ಪತ್ರ ಬರೆದೆ. 6ರಿಂದ 14 ವರ್ಷದ ಮಕ್ಕಳ ವಿಷಯ ಅದರಲ್ಲಿದೆ. ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ತಪ್ಪಿಸುವ ಹಾಗಿಲ್ಲ ಅಂತಲೂ ಇದೆ. ಪತ್ರ ಹಿಡಿದು ಸಂಸ್ಥೆಯ ಒಬ್ಬರು ಆ ತಾಯಿಯ ಜೊತೆ ಶಾಲೆಗೆ ಹೋದರು. ದೂರದಲ್ಲಿ ಕೂತವರ ಕೆಲಸ ಇಷ್ಟೇ ಇರುತ್ತದೆ, ಅಲ್ಲಿ ಕಾಲಿಡುವವರು ಒಬ್ಬರು ಬೇಕೇ ಬೇಕು. ಅಂಥವರೇ ಇಲ್ಲದ ಸಂಸ್ಥೆ ಆನ್‌ಲೈನ್ ಕೇಸ್‌ವರ್ಕ್ ಅಂದರೆ ನನಗೆ ನಂಬಿಕೆ ಬರುವುದಿಲ್ಲ.

ವಾರಕ್ಕೊಮ್ಮೆ ಸೂಪರ್‌ವಿಷನ್ ತಪ್ಪದೆ ನಡೆಯುತ್ತಿತ್ತು. ಪ್ರೊಸೆಸ್ ರೆಕಾರ್ಡಿಂಗ್, ಅಂದರೆ ಕಾಲ್‌ನಲ್ಲಿ ಯಾರು ಏನು ಹೇಳಿದರು ಅನ್ನುವ ವಿವರ, ಬರೆಯದೆ ಹೋದರೆ ಕಾಲೇಜಿಗಿಂತ ಜಾಸ್ತಿ ಬೈಗುಳ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಓದಿಸಿದರು. ಅದು ಹೇಳುವುದು ಇಷ್ಟೇ: ನೋಡು, ಕೇಳು, ಬೇಕಾದ ಕಡೆ ಜೋಡಿಸು. ಆಗಿದ್ದನ್ನೆಲ್ಲ ಹೇಳು ಎಂದು ಒತ್ತಾಯ ಮಾಡುವ ಹಾಗಿಲ್ಲ. ಮಾತಾಡಿಸಿ ಅಳಿಸಿದರೆ ಮನಸ್ಸು ಹಗುರಾಗುತ್ತದೆ ಎಂದು ನಂಬುವವರು ನಮ್ಮಲ್ಲಿ ಎಷ್ಟಿಲ್ಲ?

ಕಷ್ಟವೂ ಇದೆ. ಹಿಂದಿ ಬೇಕೇ ಬೇಕು. ಸ್ಟೈಪೆಂಡ್ ಇಲ್ಲ. ಮನಸ್ಸಿಗೂ ಭಾರ. 2025ರ ಜನವರಿಯಲ್ಲಿ ಅಮೆರಿಕ ನಿರಾಶ್ರಿತರನ್ನು ಕರೆಸಿಕೊಳ್ಳುವುದನ್ನು ನಿಲ್ಲಿಸಿತು. ಅಲ್ಲಿಗೆ ಹೋಗಲು ಕಾಯುತ್ತಿದ್ದವರಿಂದ ಆಮೇಲೆ ಬಂದ ಫೋನುಗಳಲ್ಲಿ ‘ನಮ್ಮ ಕೇಸ್ ಯಾವಾಗ ಮುಂದೆ ಹೋಗುತ್ತೆ’ ಎನ್ನುವುದೇ ಜಾಸ್ತಿ. ಆಗುತ್ತೆ ಬಿಡಿ ಅನ್ನುವ ಹಾಗಿಲ್ಲ, ಆಗಲ್ಲ ಅಂತ ಹೇಳುವ ಅಧಿಕಾರವೂ ನಮಗಿಲ್ಲ.

ಗ್ರೀಸ್‌ನದ್ದು ಬೇಗ ಮುಗಿಸುತ್ತೇನೆ. ಅವರಿಗೆ ನಾವೇ ಫೀಸ್ ಕಟ್ಟಬೇಕು, ಅದೂ ಯೂರೋದಲ್ಲಿ. ಮಕ್ಕಳ ಸುರಕ್ಷತೆಯ ತರಬೇತಿ ಮಾತ್ರ ಅಚ್ಚುಕಟ್ಟಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಕೆಲಸ ಅಂದರೆ ಹದಿಹರೆಯದವರ ಜೊತೆ ಇಂಗ್ಲಿಷ್ ಮಾತಾಡುವುದು, ದೊಡ್ಡವರಿಗೆ ಬಯೋಡೇಟಾ ಬರೆದುಕೊಡುವುದು. ಪರಿಚಯ ಆಗುವಷ್ಟರಲ್ಲಿ ಅವರನ್ನು ಬೇರೆ ಕ್ಯಾಂಪಿಗೆ ಕಳಿಸಿರುತ್ತಾರೆ. ಮುಂದೆ ಏನಾಯ್ತು ಅಂತ ಕೇಳಿದರೆ ಉತ್ತರವಿಲ್ಲ. ಚಳಿಗಾಲದಲ್ಲಿ ಗ್ರೀಸ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಅವರ ಸಂಜೆ ಆರು ನಮಗೆ ರಾತ್ರಿ ಒಂಬತ್ತೂವರೆ. ನಮ್ಮ ಮನೆಯಲ್ಲಿ ಸಿಗ್ನಲ್ ಸರಿಯಾಗಿ ಬರುವುದು ಗೇಟಿನ ಹತ್ತಿರ, ರಾತ್ರಿ ಅಲ್ಲಿಗೆ ಹೋದರೆ ಆನೆ! ಸರ್ಟಿಫಿಕೇಟ್ ದೊಡ್ಡದಾಗಿ ಕೊಟ್ಟರು. ವಿದೇಶದ ಹೆಸರೇ ಬೇಕು ಅನ್ನುವವರು ವಿಶ್ವಸಂಸ್ಥೆಯ ಯುಎನ್‌ವಿ ಆನ್‌ಲೈನ್ ಸ್ವಯಂಸೇವೆಗೆ ಅರ್ಜಿ ಹಾಕಿ. ಫೀಸ್ ಇಲ್ಲ, ವಾರಕ್ಕೆ ಗರಿಷ್ಠ 20 ಗಂಟೆ, 12 ವಾರದೊಳಗೆ ಮುಗಿಯುತ್ತದೆ. ದುಡ್ಡು ಕೊಟ್ಟು ಇಂಟರ್ನ್‌ಶಿಪ್ ಮಾಡಬೇಡಿ, ಇದು ನನ್ನ ಖಡಾಖಂಡಿತ ಅಭಿಪ್ರಾಯ.

ಬೈಲಕುಪ್ಪೆ ಅಂದರೆ ನಮ್ಮವರಿಗೆ ಗೋಲ್ಡನ್ ಟೆಂಪಲ್, ಮೊಮೊ. ಕುಶಾಲನಗರದ ಸೇತುವೆ ದಾಟಿದರೆ ಕೊಪ್ಪ, ಅಲ್ಲಿಂದ ಸ್ವಲ್ಪ ಮುಂದೆ. ಜಿಲ್ಲೆ ಮಾತ್ರ ಮೈಸೂರು. 1960ರ ದಶಕದ ಶುರುವಿನಲ್ಲಿ ಕಾಡು ಕಡಿದು ಕಟ್ಟಿದ ಕ್ಯಾಂಪುಗಳು. ಇಷ್ಟು ಹತ್ತಿರ ಇರುವಾಗ ಆನ್‌ಲೈನ್ ಯಾಕೆ ಅಂತ ನೀವು ಕೇಳಬಹುದು. ಕಾರಣ ಸ್ವೆಟರ್. ಚಳಿಗಾಲ ಬರುವ ಹೊತ್ತಿಗೆ ಅನೇಕ ಕುಟುಂಬಗಳು ಸ್ವೆಟರ್ ವ್ಯಾಪಾರಕ್ಕೆ ಊರೂರು ಹೊರಡುತ್ತವೆ. ಮನೆಯಲ್ಲಿ ಉಳಿಯುವುದು ವಯಸ್ಸಾದವರು. ಅವರಿಗೆ ಫೋನ್ ಮಾಡಿ ಮಾತ್ರೆ ತಗೊಂಡ್ರಾ, ಆಸ್ಪತ್ರೆಗೆ ಹೋಗಬೇಕಾ ಎಂದು ವಿಚಾರಿಸುವುದು ನನ್ನ ಕೆಲಸ. ಆರ್‌ಸಿ, ಅಂದರೆ ಅವರ ನೋಂದಣಿ ಪತ್ರ, ನವೀಕರಣದ ದಿನ ಹತ್ತಿರ ಬಂದರೆ ನೆನಪಿಸಬೇಕು.

ಇಲ್ಲಿ ದುಭಾಷಿಯ ಗೋಜಿಲ್ಲ. ಹಳಬರಿಗೆ ಕನ್ನಡ ಬರುತ್ತದೆ. ನಾನು ಅಮಾಲಾ (ಟಿಬೆಟಿಯನ್ ಭಾಷೆಯಲ್ಲಿ ಅಮ್ಮ) ಎಂದು ಕರೆಯುತ್ತಿದ್ದ ಒಬ್ಬರು ಫೋನ್ ಎತ್ತಿದ ಕೂಡಲೇ ‘ಏನ್ ಮಗಾ, ಊಟ ಆಯ್ತಾ? ಕಾಫಿ ಕುಯ್ಲು ಮುಗೀತಾ?’ ಎಂದು ನನ್ನನ್ನೇ ವಿಚಾರಿಸುತ್ತಿದ್ದರು. ಆಮೇಲೆ ಮಂಡಿ ನೋವು, ಬಿಪಿ ಮಾತ್ರೆ, ಮೆಕ್ಕೆಜೋಳದ ರೇಟು. ಆದರೆ ಮಗ ಫೋನ್ ಮಾಡಿ ಎಷ್ಟು ದಿನ ಆಯ್ತು ಅಂತ ಕೇಳಿದರೆ ಮಾತು ಬದಲಿಸುತ್ತಿದ್ದರು. ಇದನ್ನು ಹೇಗೆ ಹಿಡಿಯಬೇಕು, ಬಿಡಬೇಕಾ ಅಂತ ಕೇಳೋಣ ಅಂದರೆ ಕೋಆರ್ಡಿನೇಟರ್‌ಗೆ ಪುರುಸೊತ್ತಿಲ್ಲ. ಒಳ್ಳೆಯ ಮನುಷ್ಯರು, ಆದರೆ ಸೂಪರ್‌ವಿಷನ್ ಅನ್ನುವುದು ಸಿಕ್ಕಾಗ ಎರಡು ಮಾತು ಅಷ್ಟೇ. ಟಿಬೆಟಿಯನ್ನರ ಹೊಸ ವರ್ಷವಾದ ಲೋಸಾರ್ ಹಬ್ಬದ ಹೊತ್ತಿಗೆ ಮನೆಯವರು ವಾಪಸ್ ಬಂದರು, ನನ್ನ ಕೆಲಸವೂ ಹೆಚ್ಚುಕಡಿಮೆ ಮುಗಿಯಿತು.

ಜನರ ಜೊತೆ ಮಾತು ಕುದುರಿದ್ದು ಬೈಲಕುಪ್ಪೆಯಲ್ಲಿ, ಕೆಲಸ ಕಲಿತದ್ದು ದೆಹಲಿಯಲ್ಲಿ. ಒಂದನ್ನೇ ಆರಿಸಿ ಅಂದರೆ ನಾನು ದೆಹಲಿ ಅನ್ನುತ್ತೇನೆ. ಹಿಂದಿ ತಡವರಿಸುವವರಿಗೆ ಬೈಲಕುಪ್ಪೆ ಸರಿ, ಆದರೆ ಕಾಲೇಜಿನ ಮೇಷ್ಟ್ರೊಬ್ಬರು ವಾರವಾರ ನಿಮ್ಮ ರೆಕಾರ್ಡಿಂಗ್ ನೋಡಲು ಒಪ್ಪಿಕೊಂಡಿರಬೇಕು.

ಎಲ್ಲಿಗೆ ಸೇರಿದರೂ ಮನೆಯಲ್ಲಿ ಜಾಗ ನೋಡಿಕೊಳ್ಳಿ. ಇನ್ನೊಬ್ಬರ ಸಂಸಾರದ ಗುಟ್ಟು ನಮ್ಮ ಜಗಲಿಯಲ್ಲಿ ಕೇಳಿಸಬಾರದು. ನಮ್ಮ ಮನೆಯಲ್ಲಿ ಅಜ್ಜಿಗೆ ಕಿವಿ ಚುರುಕು, ಕಣದಲ್ಲಿ ಕಾಫಿ ಹರಡುವವರು ಬೇರೆ. ನಾನು ಜೀಪ್ ಹತ್ತಿ ಗಾಜು ಏರಿಸಿಕೊಂಡು ಕಾಲ್ ಮಾಡುತ್ತಿದ್ದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಪ್ಪಿಕೊಳ್ಳಲೇಬೇಡಿ. ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ, ಆ ಕಡೆ ಒಬ್ಬರು ನಿಮ್ಮ ಫೋನಿಗೆ ಕಾಯುತ್ತಾ ಕೂತಿರುತ್ತಾರೆ. ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಹಾಕಿಕೊಳ್ಳಿ. ಆನ್‌ಲೈನ್ ಗಂಟೆಗಳನ್ನು ಫೀಲ್ಡ್‌ವರ್ಕ್ ಲೆಕ್ಕಕ್ಕೆ ತಗೊಳ್ತೀರಾ ಅಂತ ವಿಭಾಗದಲ್ಲಿ ಮೊದಲೇ ಕೇಳಿ, ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ.